ತಾಂಡೂರಿಗೆ ಸಿಡಿ ಒಯ್ದ ದಿನ

ಪ್ರತ್ಯೇಕ ತೆಲಂಗಾಣದ ಚಳವಳಿ ಕಾವೇರಿದ್ದ ಆ ವರ್ಷಗಳಲ್ಲಿ ಜಹೀರಾಬಾದಿನ ಬಸ್‌ಸ್ಟ್ಯಾಂಡ್ ಹಿಂದೆ ನನ್ನದೊಂದು ಕಂಪ್ಯೂಟರ್ ಕ್ಲಾಸು ಇತ್ತು. ತವರು ನಾರಾಯಣಖೇಡ, ಅಲ್ಲಿ ಅಣ್ಣ ಮದುವೆ ಕಾರ್ಡು, ಕರಪತ್ರ, ಫೋಟೋ ಆಲ್ಬಮ್‌ಗಳ ಡಿಸೈನ್ ಮಾಡುತ್ತಿದ್ದ. ಅಕ್ಕನನ್ನು ತಾಂಡೂರಿಗೆ ಕೊಟ್ಟಿದ್ದರು. ಭಾವ ಅಲ್ಲಿ ಫೋಟೋ ಸ್ಟುಡಿಯೊ ನಡೆಸುತ್ತಿದ್ದರು. ಈ ಮೂರೂ ಊರಿನ ಕಂಪ್ಯೂಟರುಗಳ ಕಾಳಜಿ ನನ್ನ ತಲೆಯ ಮೇಲಿತ್ತು. ಯಾರೂ ಹೊರಿಸಿದ್ದಲ್ಲ, ನಾನೇ ಹೊತ್ತುಕೊಂಡದ್ದು. ಒಂದು ಕಡೆ ಕೂತು ನನಗೆ ಗೊತ್ತೇ ಇಲ್ಲ.

ಮೂರೂ ಕಡೆ ಆಟೋಮ್ಯಾಟಿಕ್ ಅಪ್‌ಡೇಟ್ ಬಂದ್ ಮಾಡಿಟ್ಟಿದ್ದೆ. ಬೇರೆ ದಾರಿ ಇರಲಿಲ್ಲ. ನಮ್ಮಲ್ಲಿ ನೆಟ್ ಎಂದರೆ ಕಂಪ್ಯೂಟರಿಗೆ ಚುಚ್ಚುವ ಡಾಟಾ ಕಾರ್ಡು. ಅಪ್‌ಡೇಟ್ ಶುರುವಾದರೆ ಒಂದು ಮೇಲ್ ಕೂಡ ತೆರೆಯುತ್ತಿರಲಿಲ್ಲ. ಅರ್ಧ ಇಳಿಯುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಹಾಗಂತ ಸಿಸ್ಟಮ್ಮಿನ ತೂತು ಮುಚ್ಚಲು ಬರುವ ಆ ಪ್ಯಾಚುಗಳನ್ನು ಹಾಕದೆ ಬಿಟ್ಟರೆ ಹರಕು ಬೇಲಿಯ ಹೊಲದಂತೆ, ಯಾವ ವೈರಸ್ ಬೇಕಾದರೂ ನುಗ್ಗಬಹುದು. ಬೀದರಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ನನ್ನ ಹಳೆಯ ಗೆಳತಿ ಕೆಲಸಕ್ಕಿದ್ದಳು. ಅಲ್ಲಿನ ನೆಟ್ ಜೋರು. ಅವಳು ತಿಂಗಳ ಪ್ಯಾಚುಗಳನ್ನೆಲ್ಲ ಇಳಿಸಿ ಸಿಡಿಗೆ ಬರೆದು ಕೊಡುತ್ತಿದ್ದಳು. ಪೆನ್‌ಡ್ರೈವ್ ಆದರೆ ಚುಚ್ಚಿದ ಕಡೆಯ ರೋಗ ಹತ್ತಿಸಿಕೊಂಡು ಬರುತ್ತದೆ. ಬರೆದು ಮುಗಿಸಿದ ಸಿಡಿಗೆ ಆ ಭಯವಿಲ್ಲ. ಅದನ್ನು ಹಿಡಿದು ಬಸ್ಸಿನಲ್ಲಿ ಮೂರೂ ಊರು ಸುತ್ತುತ್ತಿದ್ದೆ.

ಆಮೇಲೆ ಬಸ್ಸುಗಳೇ ನಿಂತವು. ಕಚೇರಿ, ಶಾಲೆ, ಡಿಪೋ ಎಲ್ಲವೂ ಮುಷ್ಕರಕ್ಕೆ ಇಳಿದಿದ್ದವು. ಕ್ಲಾಸಿಗೆ ಯಾರೂ ಬರುತ್ತಿರಲಿಲ್ಲ. ಟಿವಿ ಹಚ್ಚುವುದು, ಆರಿಸುವುದು, ಬಾಗಿಲಿಗೆ ಬಂದು ರಸ್ತೆ ನೋಡುವುದು, ಇಷ್ಟೇ ಕೆಲಸ. ಆ ತಿಂಗಳ ಸಿಡಿಗಾಗಿ ಗೆಳತಿಗೆ ಫೋನ್ ಮಾಡಿದೆ.

"ನೀ ಮೊಗುಡಂಪಲ್ಲಿ ತನಕ ಬಾ. ನಾ ಸ್ಕೂಟಿ ಮ್ಯಾಲ ಆ ಕಡಿಂದ ಬರ್ತೀನಿ," ಅಂದಳು.

ಗಡಿಯ ಹತ್ತಿರದ ಆ ಹಳ್ಳಿಗೆ ಶೇರ್ ಆಟೋ ಹಿಡಿದು ಹೋದೆ. ಬೇವಿನ ಮರದ ಕೆಳಗೆ ನಿಂತಿದ್ದಳು. ಪ್ಯಾಚಿನ ಸಿಡಿಯ ಜೊತೆಗೆ ಇನ್ನೊಂದು ಕೊಟ್ಟು, "ಕಂಪ್ಯೂಟರ್ ಚಾಲೂ ಆಗಲಿಲ್ಲಂದ್ರ ಇದು ಹಾಕು. ಇದರೊಳಗ ಬ್ಯಾರೇ ಸಿಸ್ಟಮ್ ಅದ, ಸಿಡಿಯಿಂದನೇ ನಡೀತದ," ಅಂದಳು. ಚಹಾ ಕುಡಿಯಲೂ ನಾನು ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಭಾವನ ಫೋನು.

"ಫೋಟೋದ ಫೋಲ್ಡರ್ ಎಲ್ಲಾ ಮಾಯ ಆಗ್ಯಾವ. ಬರೇ ಶಾರ್ಟ್‌ಕಟ್ ಕಾಣ್ತಾವ. ಪೆದ್ದೆಮುಲ್ಲಿನ ಮದುವಿದೂ ಹೋಗ್ಯಾದ. ಆ ಮದುಮಗಳ ಅಪ್ಪ ತೀರಿಕೊಂಡಾನ, ಅವನ ಫೋಟೋಕ್ಕಂತ ಅವರವ್ವ ಇವತ್ತು ಸಂಜಿಗಿ ಬರ್ತಾಳ. ನಾ ಏನ್ ಹೇಳ್ಲಿ?"

ಆ ವೈರಸ್ಸು ನನಗೆ ಗೊತ್ತಿತ್ತು. ಫೈಲುಗಳನ್ನು ಅಳಿಸುವುದಿಲ್ಲ, ಬಚ್ಚಿಡುತ್ತದೆ ಅಷ್ಟೆ. ಅಣ್ಣನ ಅಂಗಡಿಗೆ ಆಗ ಕರಪತ್ರ ಮಾಡಿಸಲು ಬರುವವರೆಲ್ಲ ಒಂದೊಂದು ಪೆನ್‌ಡ್ರೈವ್ ತರುತ್ತಿದ್ದರು. ಅಣ್ಣ ಭಾವನಿಗೆ ಕಳಿಸಿದ ಆಲ್ಬಮ್ ಡಿಸೈನಿನ ಪೆನ್‌ಡ್ರೈವ್ ಹತ್ತಿ ಅದು ತಾಂಡೂರಿಗೆ ಹೋಗಿತ್ತು.

"ಭಾವಾ, ಏನೂ ಒತ್ತಬ್ಯಾಡ್ರಿ. ಫಾರ್ಮ್ಯಾಟ್ ಅಂತೂ ಬ್ಯಾಡೇ ಬ್ಯಾಡ. ನಾ ಬರ್ಲಾಕತ್ತೀನಿ."

"ಬಸ್ಸೇ ಇಲ್ಲ, ಹ್ಯಾಂಗ ಬರ್ತಿ?"

ನನಗೂ ಗೊತ್ತಿರಲಿಲ್ಲ. ಸಿಡಿಗಳನ್ನು ಚೀಲಕ್ಕೆ ಹಾಕಿಕೊಂಡು ಹೈವೇಗೆ ನಡೆದೆ. ತಾಂಡೂರಿಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ತುಂಬಲು ಖಾಲಿ ಹೋಗುತ್ತಿದ್ದ ಲಾರಿಯೊಂದು ಸಿಕ್ಕಿತು. ವಯಸ್ಸಾದ ಡ್ರೈವರ್ ನನ್ನನ್ನೊಮ್ಮೆ ನೋಡಿ, "ಹತ್ರಿ ಅವ್ವಾ, ಖರೆ ಎಲ್ಲಿ ತನಕ ಬಿಡ್ತಾರ ಹೇಳಾಕ ಬರಂಗಿಲ್ಲ," ಅಂದ.

ಅರ್ಧ ದಾರಿಯಲ್ಲಿ ರಸ್ತೆಗೆ ಅಡ್ಡ ಒಲೆ ಹೂಡಿದ್ದರು. ಧರಣಿ ಕೂತವರು ಅಲ್ಲೇ ಅಡುಗೆ ಮಾಡಿ ಅಲ್ಲೇ ಉಣ್ಣುವುದು ಆಗಿನ ಪದ್ಧತಿ. ಡೋಲು, ಹಾಡು, ಹೊಗೆ. ಚಳವಳಿ ಬೇಕೆನ್ನುವವರಲ್ಲಿ ನಾನೂ ಒಬ್ಬಳು. ನಮ್ಮ ಓಣಿಯ ಮೆರವಣಿಗೆಗಳಲ್ಲಿ ಕೂಗಿ ಗಂಟಲು ಕೆಡಿಸಿಕೊಂಡಿದ್ದೆ. ಆದರೆ ಅವತ್ತು ನನಗೆ ಆ ಒಲೆ ದಾಟುವುದಷ್ಟೇ ಬೇಕಿತ್ತು. ಲಾರಿಯಿಂದ ಇಳಿದು ಅತ್ತಿಂದಿತ್ತ ತಿರುಗತೊಡಗಿದೆ. ಅನ್ನ ಬಡಿಸುತ್ತಿದ್ದ ಹೆಂಗಸೊಬ್ಬಳು ಕರೆದಳು.

"ಯಾಕ್ರೀ ಹಂಗ ತಿರಗ್ಲಾಕತ್ತೀರಿ? ಉಂಡು ಹೋಗ್ರಿ. ಎಲ್ಲರೂ ಉಂಡ ಮ್ಯಾಲ ನಾವೇ ದಾರಿ ಬಿಡ್ತೀವಿ."

"ಫೋಟೋ ಉಳಸಾಕ ಹೊಂಟೀನ್ರಿ. ತೀರಿಕೊಂಡವರ ಫೋಟೋ ಅವ."

ಅವಳು ಎಲೆ ನನ್ನ ಕೈಗಿಟ್ಟಳು. "ಅವರು ಎಲ್ಲಿಗಿ ಹೋಗ್ತಾರ? ನೀವು ಮೊದಲು ಉಣ್ರಿ."

ನಿಂತೇ ಉಂಡೆ. ಸಾರು ಖಾರವಾಗಿತ್ತು, ಚೆನ್ನಾಗಿತ್ತು. ಮಾತು ಕೊಟ್ಟಂತೆ ದಾರಿ ಬಿಟ್ಟರು.

ತಾಂಡೂರು ತಲುಪಿದಾಗ ಮಧ್ಯಾಹ್ನ ಜಾರಿತ್ತು. ಭಾವ ಸ್ಟುಡಿಯೊದ ಮೆಟ್ಟಿಲ ಮೇಲೆ ತಲೆಗೆ ಕೈ ಹೊತ್ತು ಕೂತಿದ್ದರು. ನನ್ನ ದಾರಿ ಕಾಯಲಾಗದೆ, ಯಾರದೋ ಮಾತು ಕೇಳಿ ಆಟೋಮ್ಯಾಟಿಕ್ ಅಪ್‌ಡೇಟ್ ಹಚ್ಚಿದ್ದರು. ಹೇಗೋ ಒಂದಿಷ್ಟು ಇಳಿದು, ಸಿಸ್ಟಮ್ಮಿನೊಳಗೆ ಕೂಡುತ್ತಿದ್ದಾಗಲೇ ಕರೆಂಟು ಹೋಗಿತ್ತು. ಮುಷ್ಕರದಿಂದ ಆಗ ಕರೆಂಟಿಗೂ ಭರವಸೆಯಿರಲಿಲ್ಲ. ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಗಿತ್ತು.

"ಅಪ್‌ಡೇಟ್ ಮಾಡಿದ್ರ ವೈರಸ್ ಹೋಗ್ತದ ಅಂದ್ರು."

"ಕಳ್ಳ ಒಳಗ ಬಂದ ಮ್ಯಾಲ ಕೀಲಿ ಹಾಕಿದಂಗ ಆತು, ಭಾವಾ," ಅಂದೆ.

ಕರೆಂಟು ಬರುವ ತನಕ ಆ ಕೋಣೆಯಲ್ಲಿ ನಾವಿಬ್ಬರೂ ಎದ್ದೆವು, ಕೂತೆವು, ಮತ್ತೆ ಎದ್ದೆವು. ಅಕ್ಕ ಚಹಾ ತಂದಿಟ್ಟದ್ದು ಆರಿಹೋಯಿತು. ಕೊನೆಗೆ ಫ್ಯಾನ್ ತಿರುಗಿದಾಗ ಬಟನ್ ಒತ್ತಿದೆ. ಹೆದರಿದಂತೆಯೇ ಆಯಿತು: ಕಪ್ಪು ಪರದೆ, ಒಂದು ಸಾಲು ಅಕ್ಷರ, ಮತ್ತೆ ಕಪ್ಪು. ಗೆಳತಿ ಕೊಟ್ಟ ಎರಡನೆಯ ಸಿಡಿ ಹಾಕಿದೆ. ಬಹಳ ಹೊತ್ತು ಗುರ್ ಅಂತು. ನಂತರ ನಾವು ಯಾರೂ ನೋಡಿರದ ಬಣ್ಣದ ಪರದೆ ತೆರೆದುಕೊಂಡಿತು. ಡಿಸ್ಕ್ ತೆರೆದರೆ ಫೋಲ್ಡರುಗಳೆಲ್ಲ ಇದ್ದಲ್ಲೇ ಇದ್ದವು. ಆ ಸಿಸ್ಟಮ್ಮಿನ ಮುಂದೆ ವೈರಸ್ಸಿನ ಕಣ್ಣಾಮುಚ್ಚಾಲೆ ನಡೆಯಲಿಲ್ಲ.

ಭಾವ ಅಳುತ್ತಿದ್ದರು. ನಾನು ಮೊದಲು ಪೆದ್ದೆಮುಲ್ಲಿನ ಮದುವೆಯನ್ನೇ ಹೊರಗಿನ ಡಿಸ್ಕಿಗೆ ಇಳಿಸತೊಡಗಿದೆ.

ಇಳಿಯುತ್ತಿದ್ದಾಗಲೇ ಆ ಮದುಮಗಳ ತಾಯಿ ಬಂದಳು. ನಮ್ಮ ಗದ್ದಲ ಏನೂ ಗೊತ್ತಿರದ ಆಕೆ ಸ್ಟೂಲಿನ ಮೇಲೆ ಕೂತು ಒಂದೊಂದೇ ಚಿತ್ರ ನೋಡುತ್ತಾ ಹೋದಳು. ಗಂಡ ಎಲ್ಲೂ ಸರಿಯಾಗಿ ಸಿಕ್ಕಿರಲಿಲ್ಲ. ಮಂಟಪದಲ್ಲಿ ಬೆನ್ನು, ಊಟದ ಸಾಲಿನಲ್ಲಿ ಅರ್ಧ ಮುಖ. ಕೊನೆಗೆ ಒಂದರಲ್ಲಿ ಪೂರ್ತಿ ಇದ್ದ: ಅಡುಗೆಯವನ ಮೇಲೆ ಕೈ ಎತ್ತಿ ಬೈಯುತ್ತಾ, ಬಾಯಿ ತೆರೆದುಕೊಂಡು.

ಆಕೆ ನಕ್ಕುಬಿಟ್ಟಳು. "ಇದೇ ನೋಡ್ರಿ ನಮ್ಮವರು! ದಿನಾ ಹಿಂಗೇ ಇರ್ತಿದ್ರು. ಇದೇ ದೊಡ್ಡದು ಮಾಡಿ ಕೊಡ್ರಿ."

"ಇದು ಬೈಯೋ ಫೋಟೋ ಅದರೀ," ಅಂದರು ಭಾವ.

"ಇರ್ಲಿ ಬಿಡ್ರಿ. ಹಾರ ಹಾಕಿದ್ ಮ್ಯಾಲ ಬೈದ್ರ ಯಾರಿಗಿ ಕೇಳ್ತದ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಕೆ ಹೋದ ಮೇಲೆ ಉಳಿದ ಫೋಟೋಗಳನ್ನೂ ಇಳಿಸಿ, ಡಿಸ್ಕ್ ಒರೆಸಿ, ಸಿಸ್ಟಮ್ ಹೊಸದಾಗಿ ಹಾಕಿದೆ. ಡಾಟಾ ಕಾರ್ಡನ್ನು ಭಾವನ ಕೈಯಿಂದ ಕಸಿದು ಅಕ್ಕನಿಗೆ ಕೊಟ್ಟೆ. ಪ್ಯಾಚ್ ಇಲ್ಲದ ಹೊಸ ಸಿಸ್ಟಮನ್ನು ನೆಟ್ಟಿಗೆ ಹಚ್ಚಿದರೆ ಪ್ಯಾಚ್ ಇಳಿಯುವುದಕ್ಕಿಂತ ಮೊದಲೇ ವೈರಸ್ ಬರಬಹುದು. ಸಿಡಿಯ ಪ್ಯಾಚುಗಳೆಲ್ಲ ಮೊದಲು, ನೆಟ್ಟು ಆಮೇಲೆ.

ಅಕ್ಕ ಎರಡು ದಿನ ಇರೆಂದಳು. ಆಗಲಿಲ್ಲ. ರೋಗದ ಬೇರು ನಾರಾಯಣಖೇಡದಲ್ಲಿತ್ತು. ಮರುದಿನ ಇನ್ನಾವುದೋ ಜೀಪು ಹಿಡಿದು ಅಣ್ಣನಲ್ಲಿಗೆ ಹೋಗಿ, ಅಲ್ಲಿನ ಸಿಸ್ಟಮನ್ನೂ ಹೀಗೇ ಶುಚಿ ಮಾಡಿದೆ. ಮೂಲೆಯಲ್ಲಿದ್ದ ಹಳೆಯ ಡಬ್ಬಾ ಕಂಪ್ಯೂಟರನ್ನು ಬಾಗಿಲ ಹತ್ತಿರ ಇಡಿಸಿ, ಹೊರಗಿನ ಪೆನ್‌ಡ್ರೈವುಗಳೆಲ್ಲ ಅದರಲ್ಲಿ ತಪಾಸಣೆಯಾದ ಮೇಲೆಯೇ ಒಳಗೆ ಬರಬೇಕೆಂದೆ. ಅಣ್ಣ ಗೊಣಗಿದ, ಒಪ್ಪಿದ.

ಬಸ್ಸುಗಳು ಮತ್ತೆ ಓಡಿದವು. ನನ್ನ ಸುತ್ತಾಟ ಮುಂದುವರಿಯಿತು. ಭಾವ ಮಾತ್ರ ಬದಲಾದರು. ತಿಂಗಳು ಮುಗಿಯುತ್ತಲೇ ಫೋನ್ ಮಾಡಿ, "ಈ ಸಲದ ಪ್ಯಾಚ್ ಬಂದಾವೇನು? ನಾನೇ ಬರ್ತೀನಿ ತೊಗೊಂಡು ಹೋಗಾಕ," ಅನ್ನುವರು. ನನಗೇಕೋ ಅದು ಹಿಡಿಸುತ್ತಿರಲಿಲ್ಲ. "ಬ್ಯಾಡ್ರಿ, ನಾನೇ ಬರ್ತೀನಿ," ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದೆ.