ಎಳೆದರೆ ಬಿಚ್ಚುವ ಹೊಲಿಗೆ

ಅವಳು ಹೋಗಿ ಐದು ವಾರವಾಯಿತು. ಭಾನುವಾರ ಊಟ ಮುಗಿದೊಡನೆ ನನ್ನ ಕೈ ಈಗಲೂ ಕಪಾಟಿನ ಕೆಳಗಿನ ಖಾನೆಗೆ ಹೋಗುತ್ತದೆ. ಅಲ್ಲಿ ಹಳೆಯ ಬಟ್ಟೆಯ ತುಂಡುಗಳಿವೆ, ಕೆಂಪು ದಾರದ ಉಂಡೆಯಿದೆ. ಎರಡು ತುಂಡು ಜೋಡಿಸಿಕೊಂಡು ಸೂಜಿಗೆ ದಾರ ಪೋಣಿಸುವಾಗ ನೆನಪಾಗುತ್ತದೆ: ಇದನ್ನು ಬಿಚ್ಚುವವರು ಈಗ ಯಾರೂ ಇಲ್ಲ.

ನಾನು ಹೊಲಿಗೆಯವಳಲ್ಲ. ಮೂವತ್ತು ವರ್ಷ ಶಾಲೆಯೊಂದರ ಲೈಬ್ರರಿ ನೋಡಿಕೊಂಡವಳು. ಹೊಲಿಗೆಯವಳು ಅವಳು, ಬೀದಿಗೆಲ್ಲ ಟೈಲರಕ್ಕ. ಒಂದೇ ಮಹಡಿಯಲ್ಲಿ ಎದುರುಬದುರು ಬಾಗಿಲು ನಮ್ಮದು. ಇಬ್ಬರಿಗೂ ಗಂಡ ಮಕ್ಕಳ ರಗಳೆ ಇರಲಿಲ್ಲ. ನನ್ನನ್ನು ಅವಳು "ಹುಳ" ಎಂದು ಕರೆಯುತ್ತಿದ್ದಳು. ಪೂರ್ತಿ ಪುಸ್ತಕದ ಹುಳ ಎನ್ನುವಷ್ಟು ವ್ಯವಧಾನ ಅವಳಿಗಿರಲಿಲ್ಲ.

"ಹುಳಾ, ಆ ತೋಳಿನ ಗುಂಡಿ ಬಿದ್ದು ಎಷ್ಟು ದಿನ ಆಯ್ತೇ? ಅಷ್ಟೆಲ್ಲ ಓದಿದೀಯ, ಒಂದು ಗುಂಡಿ ಹಾಕ್ಕೊಳ್ಳೋಕೆ ಬರಲ್ವಾ?"

"ನೀನಿದೀಯಲ್ಲ."

"ನಾನು ಸತ್ತ ಮೇಲೆ ಬೆತ್ತಲೆ ತಿರುಗ್ತೀಯಾ?"

ನಮ್ಮ ಬೀದಿಯ ಕೊನೆಯಲ್ಲಿ ಮರೆವಿನ ಕಾಯಿಲೆಯ ಮುದುಕರನ್ನು ನೋಡಿಕೊಳ್ಳುವ ಹೋಮ್ ಇದೆ. ಅಲ್ಲಿ ಇಸ್ತ್ರಿ ಕೋಣೆಯ ಮೂಲೆಯಲ್ಲಿ ಅವಳ ಮೆಷಿನ್ ಇತ್ತು. ದಿಂಬಿನ ಚೀಲ, ಪರದೆ, ಮುದುಕರ ಗೌನು ಹೊಲಿಯುವುದು, ಹರಿದದ್ದನ್ನು ಸರಿಮಾಡುವುದು ಅವಳ ಕೆಲಸ. ಒಂದು ದಿನ ಆಗಿನ ದೊಡ್ಡ ಸಿಸ್ಟರ್ ನಲವತ್ತು ಗೌನು ತಂದು ಹಾಕಿ, ಎರಡೂ ತೋಳಿನ ತುದಿಗೆ ಮೊಳದುದ್ದದ ಲಾಡಿ ಹೊಲಿಯಲು ಹೇಳಿದರು. ತೋಳು ಮೇಲೆ ಸರಿಯುತ್ತದೆ, ಕಟ್ಟಿಕೊಳ್ಳಲು ಬೇಕು ಎಂದರಂತೆ. ಇವಳು ಅರೆಬರೆ ಕೆಲಸ ಮಾಡುವವಳಲ್ಲ. ಪ್ರತಿ ಲಾಡಿಯ ಬುಡಕ್ಕೂ ಮೂರು ಸುತ್ತು ಹೊಲಿಗೆ, ಅದರ ಮೇಲೆ ಅಡ್ಡಡ್ಡ ಇನ್ನೆರಡು. ಒಂದು ಗೌನನ್ನು ಮನೆಗೆ ತಂದು ನನ್ನ ಮುಂದೆ ಹಿಡಿದಳು.

"ಎಳಿ, ಎಳಿ ನೋಡೋಣ. ಆನೆ ಕಟ್ಟಬಹುದು!"

ನಾನು ಎರಡೂ ಕೈಯಲ್ಲಿ ಎಳೆದೆ. ಲಾಡಿ ಜಗ್ಗಲಿಲ್ಲ. ಇಬ್ಬರೂ ನಕ್ಕೆವು.

ಎರಡು ತಿಂಗಳಿಗೆ ಆ ಗೌನುಗಳು ರಿಪೇರಿಗೆ ಬಂದವು. ಬಟ್ಟೆ ಎಲ್ಲಿ ಸವೆದಿದೆ ಎಂದು ನೋಡಿ ತೊಟ್ಟವರ ದಿನಚರಿ ಹೇಳುವುದು ಅವಳಿಗೆ ಆಟ. ನನ್ನ ಮೊಣಕೈ ನೋಡಿಯೇ ನಾನು ಯಾವ ಮೇಜಿನ ಮೇಲೆ ಓದುತ್ತೇನೆಂದು ಹೇಳುತ್ತಿದ್ದಳು. ಈ ಗೌನುಗಳಲ್ಲಿ ಅವಳ ಹೊಲಿಗೆ ಬಿಟ್ಟಿರಲಿಲ್ಲ. ಹೊಲಿಗೆಯ ಸುತ್ತಲಿನ ಬಟ್ಟೆಯೇ ಸೀಳಿತ್ತು. ಲಾಡಿಯ ತುದಿಯಲ್ಲಿ ಬಿಗಿದ ಗಂಟಿನ ಸುಕ್ಕು. ನಡುವೆ ಕಬ್ಬಿಣದ ತುಕ್ಕಿನ ಗೆರೆ, ಮಂಚದ ಕಂಬಿಯದು.

ಆ ಸಂಜೆ ನನ್ನ ಅಡುಗೆಮನೆಯಲ್ಲಿ ಅವಳು ಕೂರಲೂ ಇಲ್ಲ.

"ಹುಳಾ, ಅವರನ್ನ ಮಂಚಕ್ಕೆ ಕಟ್ತಿದ್ದಾರೆ ಕಣೇ. ನನ್ನ ಹೊಲಿಗೆಯಿಂದ."

ನಿಂತಲ್ಲಿಂದಲೇ ಮತ್ತೆ ಹೇಳಿದಳು: "ಒಬ್ಬಳು ಅಜ್ಜಿ ದಿನಾ ನನ್ನ ಮೆಷಿನ್ ಹತ್ರ ಬಂದು ಮಣಿಕಟ್ಟು ತೋರಿಸೋಳು. ಟೈಮ್ ಕೇಳ್ತಿದಾಳೆ ಅಂದ್ಕೊಂಡೆ. ಗಂಟೆ ಹೇಳಿ ಕಳಿಸ್ತಿದ್ದೆ."

ಅವಳು ಜಗಳಕ್ಕೆ ಹೋಗಲಿಲ್ಲ. ನಲವತ್ತೂ ಗೌನುಗಳ ಲಾಡಿ ಕಿತ್ತು ಮತ್ತೆ ಹೊಲಿದಳು, ಈ ಸಲ ಕಚ್ಚಾ ಹೊಲಿಗೆ. ಅಳತೆ ನೋಡುವಾಗ ತಾತ್ಕಾಲಿಕವಾಗಿ ಹಾಕುತ್ತಾರಲ್ಲ, ದೊಡ್ಡ ದೊಡ್ಡ ಟಾಕು, ಒಂದು ಎಳೆತಕ್ಕೆ ದಾರ ಸರಕ್ಕನೆ ಬಿಚ್ಚಿಬರುವಂಥದ್ದು. ವಾರದೊಳಗೆ ಹೋಮಿನ ತುಂಬ ಲಾಡಿಗಳು ಉದುರಿಬಿದ್ದವು.

"ಏನು ಟೈಲರಕ್ಕ, ಕೈ ಸೋತು ಹೋಯ್ತಾ?" ಎಂದರಂತೆ ಸಿಸ್ಟರ್.

"ಕೈ ಸೋತಿಲ್ಲ ಸಿಸ್ಟರ್. ತೋಳಿಗೆ ಅಷ್ಟು ಸಾಕು. ಮಂಚಕ್ಕೆ ಸಾಲದು ಅಷ್ಟೇ."

ಅಂದೇ ಕೆಲಸ ಹೋಯಿತು. ದೂರು ಬರೆದವಳು ನಾನು. ತುಕ್ಕು ಹಿಡಿದ ಮೂರು ಲಾಡಿಗಳನ್ನು ಅದಕ್ಕೆ ಗುಂಡುಸೂಜಿಯಿಂದ ಚುಚ್ಚಿದವಳು ಅವಳು. ತಪಾಸಣೆಯವರು ಬಂದರು, ಸಿಸ್ಟರ್ ಬದಲಾದರು, ಬಾಗಿಲ ಬಳಿ ಹಲಗೆಯೊಂದು ಬಂತು: ಇಲ್ಲಿ ಯಾರನ್ನೂ ಕಟ್ಟುವುದಿಲ್ಲ. ಅದನ್ನು ನೋಡಲು ಅವಳು ಹೋಗಲೇ ಇಲ್ಲ. ಹೊಲಿದದ್ದು ನಾನೇ ಅಲ್ವಾ ಎನ್ನುತ್ತಿದ್ದಳು.

ಒಂಬತ್ತು ವರ್ಷದ ನಂತರ ಅವಳು ಒಂದು ಅಂಗಿಗೆ ಎರಡೂ ಎಡತೋಳು ಹೊಲಿದಳು. ನಾವು ನಕ್ಕೆವು. ಮುಂದಿನ ತಿಂಗಳು ಕತ್ತರಿ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಆಗ ನಾನೊಬ್ಬಳೇ ನಕ್ಕೆ. ಡಾಕ್ಟರು ಡಿಮೆನ್ಷಿಯಾ ಎಂದರು. ಅವಳಿಗೆಂದು ಇದ್ದವಳು ತಮ್ಮನ ಮಗಳೊಬ್ಬಳೇ. ಅವಳೂ ದೂರದ ಊರಿನಲ್ಲಿದ್ದವಳು, ಮನೆಯಲ್ಲಿ ಕೈಗೂಸು ಬೇರೆ. ಬೇರೆ ಹೋಮ್ ಹತ್ತಿರದಲ್ಲಿರಲಿಲ್ಲ. ಅದೇ ಹೋಮಿಗೆ ಸೇರಿಸುವ ಹಿಂದಿನ ದಿನ ಅವಳ ತಲೆ ತಿಳಿಯಾಗಿತ್ತು.

"ಹುಳಾ, ಬಂದಾಗ ನನ್ನ ಮುಖ ನೋಡ್ಬೇಡ. ಮುಖ ಏನು, ಸುಮ್ನೆ ನಗ್ತಿರುತ್ತೆ. ಮೊದಲು ತೋಳು ನೋಡು."

"ಆಯ್ತು."

"ಆಯ್ತು ಅಂತ ಪುಸ್ತಕ ನೋಡ್ಕೊಂಡು ಹೇಳ್ಬೇಡ. ನನ್ನ ನೋಡ್ಕೊಂಡು ಹೇಳು."

ಪ್ರತಿ ಭಾನುವಾರ ಹೋದೆ, ಮೊದಲು ತೋಳು ನೋಡಿದೆ. ಎರಡನೇ ವರ್ಷಕ್ಕೆ ನಾನು ಯಾರೆಂಬುದು ಅವಳಿಗೆ ಉಳಿಯಲಿಲ್ಲ. ಉಳಿದದ್ದು ಬೆರಳು. ಹೊದಿಕೆಯ ಅಂಚು, ದಿಂಬಿನ ಚೀಲ, ಮೈಮೇಲಿನ ಗೌನು, ಎಲ್ಲಿ ಗಟ್ಟಿ ಹೊಲಿಗೆ ಕಂಡರೂ ಉಗುರಿನಿಂದ ಬಿಚ್ಚುತ್ತಿದ್ದಳು. ವಾರಕ್ಕೆ ಮೂರು ಗೌನು ಹಾಳು ಎಂದು ಆಯಾಗಳು ಗೊಣಗುತ್ತಿದ್ದರು.

ಒಂದು ಭಾನುವಾರ ಹೋದಾಗ ಅವಳ ಎರಡೂ ಕೈ ದಪ್ಪ ಬಿಳಿ ಚೀಲಗಳೊಳಗಿದ್ದವು. ಮಣಿಕಟ್ಟಿಗೆ ಲಾಡಿ. ಚೀಲದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಯಾರೋ ಇಟ್ಟುಹೋದ ಸಾಮಾನಿನಂತೆ ಅವನ್ನು ನೋಡುತ್ತಿದ್ದಳು. ನಾನು ಲಾಡಿ ಎಳೆದೆ. ಬರಲಿಲ್ಲ. ಯಾರೋ ಗಟ್ಟಿಯಾಗಿ ಹೊಲಿದಿದ್ದರು.

"ಕಟ್ಟೋದಲ್ಲ ಮೇಡಂ, ಬರೀ ಕೈಚೀಲ," ಎಂದರು ಹೊಸ ಮೇಲ್ವಿಚಾರಕಿ, ಮೆತ್ತಗೆ. "ಮನೆಯವರ ಸಹಿ ಇದೆ. ನೀವು ಅವರಿಗೆ ಏನಾಗಬೇಕು?"

"ಎದುರು ಬಾಗಿಲಿನವಳು."

ಅವರ ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ.

ತಮ್ಮನ ಮಗಳಿಗೆ ಫೋನ್ ಮಾಡಿದೆ. "ಅತ್ತೆ ಎಲ್ಲಾ ಹರ್ಕೋತಾರಂತೆ ಆಂಟಿ, ನಾನೇನ್ಮಾಡ್ಲಿ? ಒಳ್ಳೇದಕ್ಕೇ ಅಂದ್ರು, ಸಹಿ ಹಾಕ್ದೆ."

"ಬೈಯ್ಯೋಕೆ ಮಾಡಿಲ್ಲಮ್ಮ. ಒಂದ್ಸಲ ಬಂದು ನೋಡು. ಮುಖ ಅಲ್ಲ, ಕೈ."

ಮಗುವನ್ನು ಹೆಗಲಿಗೆ ಹಾಕಿಕೊಂಡೇ ಮರುದಿನ ಬಂದಳು. ಬಾಗಿಲ ಬಳಿಯ ಹಲಗೆಯ ಕೆಳಗೆ ನಿಂತು ನಲವತ್ತು ಗೌನುಗಳ ಕಥೆ ಹೇಳಿದೆ. ಅತ್ತೆ ಏಕೆ ಕೆಲಸ ಬಿಟ್ಟಳೆಂದು ಅವಳ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಳಗೆ ಹೋಗಿ ತಾನೇ ಗಂಟು ಬಿಚ್ಚಿದಳು. ಒದ್ದೆಯಾಗಿ ಬಿಳಿಚಿಕೊಂಡಿದ್ದ ಬೆರಳುಗಳನ್ನು ಮಗು ಹಿಡಿದುಕೊಂಡಿತು.

"ಸಹಿ ವಾಪಸ್ ತಗೋತೀನಿ," ಎಂದಳು.

"ತಗೊಳ್ಳಿ. ಆದರೆ ಬಟ್ಟೆ ಹರಿಯೋದಕ್ಕೇನು ಮಾಡೋಣ?" ಎಂದರು ಮೇಲ್ವಿಚಾರಕಿ. ಕೆಟ್ಟವರಲ್ಲ, ಆರು ಕೈ ಬೇಕಾದ ಕಡೆ ಎರಡು ಕೈಯಿದ್ದವರು.

"ಅವಳು ಹರಿಯಲ್ಲ, ಬಿಚ್ತಾಳೆ. ಬಿಚ್ಚೋಕೆ ನಾನು ತಂದುಕೊಡ್ತೀನಿ."

ಹೀಗೆ ಅರವತ್ತೆಂಟನೇ ವಯಸ್ಸಿನಲ್ಲಿ ಸೂಜಿ ಹಿಡಿದೆ. ಮೊದಲ ಸಲ ಎರಡು ಬಟ್ಟೆ ತುಂಡುಗಳನ್ನು ಶ್ರದ್ಧೆಯಿಂದ ಗಟ್ಟಿಯಾಗಿ ಹೊಲಿದು ಒಯ್ದೆ. ಅವಳ ಉಗುರು ಒಳಗೆ ಇಳಿಯಲಿಲ್ಲ, ಮಗುವಿನಂತೆ ಅತ್ತಳು. ಅವಳೊಡನೆ ಅಷ್ಟು ವರ್ಷ ಇದ್ದೂ ನಾನು ಕಲಿತದ್ದು ಇಷ್ಟೇ. ಮುಂದಿನ ವಾರ ಕಚ್ಚಾ ಹೊಲಿಗೆ, ಕಣ್ಣಿಗೆ ಕಾಣಲೆಂದು ಕೆಂಪು ದಾರ. ಅವಳು ತುಂಡನ್ನು ಬೆಳಕಿಗೆ ಹಿಡಿದು ನೋಡಿದಳು.

"ಯಾರಮ್ಮಾ ಇದನ್ನ ಹೊಲಿದಿದ್ದು? ಇರುವೆಗಳು ದಾರಿ ತಪ್ಪಿಸಿಕೊಂಡ ಹಾಗಿದೆ."

"ನಾನೇ ಕಣೇ."

"ಬೇರೆ ಕೆಲಸ ನೋಡ್ಕೊಳ್ಳಿ ನೀವು."

ಅವಳು ನನಗೆ ಎಂದೂ ನೀವು ಎಂದವಳಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಆ ಬೈಗುಳವನ್ನು ಹೇಳಿಕೊಳ್ಳುತ್ತ ಬಂದೆ. ಅದರೊಳಗೆ ನನ್ನ ಹೆಸರೊಂದು ಇರಲಿಲ್ಲ.

ಮೂರು ವರ್ಷ ನಾನು ಹೊಲಿದೆ, ಅವಳು ಬಿಚ್ಚಿದಳು. ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿ ನನಗೇ ಕೊಡುತ್ತಿದ್ದಳು. ಕೆಲವು ಸಲ ನನ್ನ ತೋಳು ಹಿಡಿದು, ಗುಂಡಿ ಇಲ್ಲದ ಜಾಗವನ್ನು ಸವರುತ್ತಿದ್ದಳು. ಆ ಗುಂಡಿಯನ್ನು ನಾನು ಬೇಕೆಂದೇ ಹಾಕಿಕೊಂಡಿರಲಿಲ್ಲ.

ಐದು ವಾರದ ಹಿಂದೆ, ಬುಧವಾರ ಬೆಳಿಗ್ಗೆ ಹೋಮಿನಿಂದ ಕರೆ ಬಂತು. ಹೋದೆ. ಆಯಾ ಕುರ್ಚಿ ಎಳೆದುಕೊಟ್ಟು ಹೊರಗೆ ಹೋದಳು. ದಿಂಬಿನ ಪಕ್ಕದಲ್ಲಿ ಭಾನುವಾರದ ಬಟ್ಟೆ ಇತ್ತು, ಅರ್ಧ ಬಿಚ್ಚಿದ್ದು. ಹೊದಿಕೆ ಸರಿಸಿ, ಅವಳಿಗೆ ಮಾತು ಕೊಟ್ಟಂತೆ ಮೊದಲು ತೋಳು ನೋಡಿದೆ. ಎರಡೂ ಮಣಿಕಟ್ಟಿನ ಮೇಲೆ ಒಂದು ಗೆರೆಯೂ ಇರಲಿಲ್ಲ.

ಆಮೇಲೆ ಮುಖ ನೋಡಿದೆ.