ಅಕ್ಕನ ಮನೆಗೆ ಬಾರದ ಅಪ್‌ಡೇಟ್

ಯಾವುದಾದರೂ ಯಂತ್ರ ಕೈಕೊಟ್ಟಿದೆ ಎಂದು ಕಿವಿಗೆ ಬಿದ್ದರೆ ಸಾಕು, ನನಗೆ ಊಟ ರುಚಿಸುವುದಿಲ್ಲ. ಯಾಕೆ ಎಂದು ಗೊತ್ತಾಗುವ ತನಕ ಅದರ ಬೆನ್ನು ಬಿಡುವವಳಲ್ಲ. ಮಡಕಶಿರಾದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆಯಾಗಿ ರಾಯದುರ್ಗ ಸೇರಿದ ಅಕ್ಕ ಫೋನ್ ಮಾಡಿ, "ಕಂಪ್ಯೂಟರ್ ಅಪ್‌ಡೇಟ್ ಆಗವಲ್ದು, ಬರ್ತೀ ಏನ?" ಎಂದದ್ದೇ ತಡ, ಅಂಗಡಿ ಮುಚ್ಚಿ ಬಸ್ಸು ಹತ್ತಿದೆ.

ಅಕ್ಕ ವರ್ಷಗಟ್ಟಲೆ ಬೇರೆಯವರ ಜೀನ್ಸ್ ಯೂನಿಟ್‌ಗಳಲ್ಲಿ ಹೊಲಿದವಳು. ಈಗ ಮನೆಯ ಮುಂದಿನ ಕೋಣೆಯಲ್ಲಿ, ಪ್ಯಾಂಟಿನ ಜೇಬಿಗೆ ಕಸೂತಿ ಹಾಕುವ ಯಂತ್ರ ತಂದಿಟ್ಟುಕೊಂಡಿದ್ದಳು. ಅದಕ್ಕೆ ಡಿಸೈನ್ ಕೊಡಲು ಒಂದು ಹಳೆಯ ಕಂಪ್ಯೂಟರ್. ಆದರೆ ಕಂಪ್ಯೂಟರ್ ಅಪ್‌ಡೇಟ್ ಆಗದೆ ಡಿಸೈನಿನ ಸಾಫ್ಟ್‌ವೇರ್ ಅದರಲ್ಲಿ ಕೂರಲು ಒಪ್ಪುತ್ತಿರಲಿಲ್ಲ. ಮರುದಿನ ಬಳ್ಳಾರಿಯ ವ್ಯಾಪಾರಿ ಮಾದರಿ ನೋಡಲು ಬರುವವನಿದ್ದ. ಮಾದರಿ ಇಲ್ಲವೆಂದರೆ ಆರ್ಡರು ಇನ್ನೊಬ್ಬರ ಪಾಲು, ಅಕ್ಕನಿಗೆ ಮತ್ತೆ ಅದೇ ಕೂಲಿ.

ಡೌನ್‌ಲೋಡ್ ಶುರುವಾಗುವುದು, ಸೊನ್ನೆಯಲ್ಲೇ ನಿಲ್ಲುವುದು, ಆಗಲಿಲ್ಲ ಎಂದು ಹೇಳಿ ಸುಮ್ಮನಾಗುವುದು. ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿತ್ತು. ನೆಟ್ ಸರಿಯಿಲ್ಲವೇನೋ ಎಂದು ನನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟೆ. ಅರ್ಧಂಬರ್ಧ ಇಳಿದಿದ್ದ ಫೈಲುಗಳನ್ನು ಅಳಿಸಿ, ಆಫ್ ಮಾಡಿ ಆನ್ ಮಾಡಿದೆ. ಊಹೂಂ. ಅಕ್ಕ ಉಗುರು ಕಚ್ಚುತ್ತಿದ್ದಳು. ನನಗೋ, ಹೇಳಿದರೆ ಬೈಸಿಕೊಳ್ಳುತ್ತೇನೆ, ಒಳಗೊಳಗೇ ಖುಷಿ. ಇಂಥ ರೋಗವನ್ನು ನಾನು ಕಂಡಿರಲಿಲ್ಲ.

ಕೊನೆಗೆ ಬ್ರೌಸರ್ ತೆರೆದರೆ ಅದೇ ಬಾಯಿಬಿಟ್ಟಿತು: ನಿಮ್ಮ ಗಡಿಯಾರ ಹಿಂದಿದೆ. ಮೂಲೆಯಲ್ಲಿ ಗಂಟೆ ಸರಿಯಾಗಿಯೇ ಇತ್ತಲ್ಲ. ಅದರ ಕೆಳಗಿನ ತಾರೀಕನ್ನು ನಾನು ಓದಿರಲೇ ಇಲ್ಲ. ಹೊರಗೆ ಆಷಾಢದ ಗಾಳಿ ಬೀಸುತ್ತಿತ್ತು, ಕಂಪ್ಯೂಟರಿನೊಳಗೆ ಯುಗಾದಿ ಈಗಷ್ಟೇ ಮುಗಿದಿತ್ತು.

"ಅಕ್ಕಾ, ಈ ತಾರೀಕು ಯಾರು ಹಿಂಗೆ ಇಟ್ಟಿದ್ದು?"

ಅಕ್ಕ ಸೆರಗನ್ನು ಬಾಯಿಗೆ ಹಿಡಿದಳು. "ನಾನಽ. ಆಷಾಢದಾಗ ಹೊಸದು ಶುರು ಮಾಡಬಾರ್ದು ಅಂತ ಅತ್ತಿ ಅಂದ್ರು. ಯುಗಾದಿಗಾದ್ರ ಮುಹೂರ್ತ ನೋಡಬೇಕಾಗಿಲ್ಲಲ್ಲ. ಅದಕ್ಕ ತಂದ ದಿನಾನಽ ಅಲ್ಲಿಗೆ ತಿರುಗಿಸಿಬಿಟ್ಟೆ. ಅತ್ತೀನೂ ಹೂಂ ಅಂದ್ರು. ಗಂಟಿ ಮುಟ್ಟಿಲ್ಲ ನೋಡು."

ಪಂಚಾಂಗದ ಕಣ್ಣಿಗೇ ಮಣ್ಣೆರಚಿದ ಅತ್ತೆ ಸೊಸೆಯರನ್ನು ನಾನು ನೋಡಿದ್ದು ಅದೇ ಮೊದಲು. ಅಪ್‌ಡೇಟ್ ಕಳಿಸುವ ಕಡೆಯಿಂದ ಒಂದು ಗುರುತಿನ ಚೀಟಿಯೂ ಬರುತ್ತದೆ, ಅದಕ್ಕೊಂದು ತಾರೀಕಿರುತ್ತದೆ. ಯುಗಾದಿಯಲ್ಲಿ ಕೂತ ಯಂತ್ರ, ಆಮೇಲೆ ಕೊಟ್ಟ ಚೀಟಿಯನ್ನು ಹೇಗೆ ನಂಬೀತು? ಪಾಪ, ಅದರದೇನೂ ತಪ್ಪಿರಲಿಲ್ಲ.

ತಾರೀಕು ಸರಿಮಾಡಲು ಹೋದೆ. ಬಾಗಿಲ ಬಳಿ ಹುರುಳಿ ಹಸನು ಮಾಡುತ್ತಿದ್ದ ಅಕ್ಕನ ಅತ್ತೆ ತಲೆಯೆತ್ತಿದರು. "ತಡಿ ತಂಗಿ. ಈಗ ತಿರುಗಿಸಿದ್ರ ಆಷಾಢದಾಗಽ ಶುರು ಮಾಡಿದಂಗಾತಲ್ಲ. ಶ್ರಾವಣ ಬರ್ಲಿ."

ಅವರ ಮನೆ, ಅವರ ನಂಬಿಕೆ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅಕ್ಕ ಎಲ್ಲಿ ಹೂಂ ಎಂದುಬಿಡುತ್ತಾಳೋ ಎಂದು ಮಾತ್ರ ಭಯವಾಯಿತು.

ಅಕ್ಕ ದನಿ ಏರಿಸಲಿಲ್ಲ. "ಅತ್ತಿ, ನಾನು ಮೊದಲ್ನೇ ಸಲ ಕೂಲಿಗೆ ಹೋಗಿ ಬ್ಯಾರೆಯವರ ಮಿಷಿನ್ ಮುಂದ ಕುಂತಿದ್ದು ಆಷಾಢದಾಗಽ. ಆವತ್ತು ಶ್ರಾವಣ ಬರ್ಲಿ ಅಂತ ಯಾರೂ ಅನ್ಲಿಲ್ರಿ."

ಅತ್ತೆ ಮೊರ ಕೆಳಗಿಟ್ಟು ಒಳಗೆ ಹೋದರು. ಸಿಟ್ಟಾದರೆಂದೇ ನಾವಿಬ್ಬರೂ ಅಂದುಕೊಂಡೆವು. ಕುಂಕುಮದ ಬಟ್ಟಲು ಹಿಡಿದು ಬಂದವರು ಯಂತ್ರಕ್ಕೂ ಕಂಪ್ಯೂಟರಿಗೂ ಇಟ್ಟರು, ಆಮೇಲೆ ಸೊಸೆಯ ಹಣೆಗೆ ಇಟ್ಟರು.

"ಇವತ್ತಿನ ತಾರೀಕಽ ಹಾಕು ತಂಗಿ," ಎಂದರು.