ಡಾಕ್ಟರ ಬೆನ್ನ ಹಿಂದೆ ಮೀಟರಕ್ಕ

ಇಪ್ಪತ್ತೇಳು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿ ನಿವೃತ್ತಳಾದವಳನ್ನು ಜನ ಅಷ್ಟು ಸುಲಭಕ್ಕೆ ಮರೆಯುತ್ತಾರೆಯೇ? ಆ ಬಡಾವಣೆಯ ನಾಯಿಗಳೂ ಮೀಟರಕ್ಕನನ್ನು ಕಂಡರೆ ಬೊಗಳುತ್ತಿರಲಿಲ್ಲ. ಪುಣ್ಯಾತ್ಮರು ಮೀಟರನ್ನು ಎಲ್ಲೆಲ್ಲಿ ಕೂರಿಸಿರುತ್ತಾರೆ ಎಂಬುದು ಓದುವವಳಿಗೇ ಗೊತ್ತು: ಮೆಟ್ಟಿಲ ಕೆಳಗೆ, ಬೀರುವಿನ ಹಿಂದೆ, ಒಂದು ಮನೆಯಲ್ಲಂತೂ ಬಚ್ಚಲ ಬಾಗಿಲ ಮೇಲೆ. ಹಾಗಾಗಿ ಎಲ್ಲಿ ಅತ್ತೆ ಸೊಸೆ ಬೇರೆ ಬೇರೆ ಒಲೆ ಹಚ್ಚುತ್ತಾರೆ, ಯಾವ ಅಣ್ಣತಮ್ಮಂದಿರು ಒಂದೇ ಸೂರಿನಡಿ ಮಾತು ಬಿಟ್ಟಿದ್ದಾರೆ, ಎಲ್ಲವೂ ಅವಳಿಗೆ ಬಾಯಿಪಾಠ.

ಹಲ್ಲಿನ ಡಾಕ್ಟರೊಬ್ಬರು ವಿಧಾನಸಭೆಗೆ ನಿಂತಾಗ ಅವರ ಕಡೆಯವರು ಮೊದಲು ಬಂದು ಕೈ ಮುಗಿದದ್ದು ಇವಳಿಗೇ. ಡಾಕ್ಟರಿಗೆ ಜನರ ಬಾಯಿ ಗೊತ್ತಿತ್ತೇ ಹೊರತು ಮುಖ ಗೊತ್ತಿರಲಿಲ್ಲ. ಓಟು ಕೇಳಲು ಹೋದಲ್ಲೆಲ್ಲ ಅವರ ಬೆನ್ನ ಹಿಂದೆ ನಿಂತು, ಬಾಗಿಲು ತೆರೆಯುವಷ್ಟರಲ್ಲಿ ಮನೆಯ ವಿಷಯವನ್ನು ಕಿವಿಯಲ್ಲಿ ಉಸುರುವುದು ಅವಳ ಕೆಲಸ.

"ಮಂಡಿ ಆಪರೇಷನ್ ಆಗಿದೆ. ಎಡಗಾಲು."

"ಅಜ್ಜೀ, ಎಡಮಂಡಿ ಈಗ ಹೇಗಿದೆ?"

ಅಜ್ಜಿ ಕಣ್ಣೊರೆಸಿಕೊಂಡಳು. "ಹೆತ್ತ ಮಗ ಕೇಳ್ಲಿಲ್ಲ, ನೀವು ಕೇಳಿದ್ರಿ."

ಇಷ್ಟು ಅಧಿಕಾರ ಕೈಗೆ ಸಿಕ್ಕ ಮೇಲೆ ಮೀಟರಕ್ಕ ಸುಮ್ಮನಿರುವವಳೇ? ವರ್ಷಗಟ್ಟಲೆ ತನ್ನನ್ನು ಗೇಟಿನಾಚೆ ಬಿಸಿಲಲ್ಲಿ ಕಾಯಿಸಿದ ಮಹಾಶಯನ ಮನೆ ಬಂದಾಗ, "ಇವರು ತುಂಬಾ ಚೆನ್ನಾಗಿ ಹಾಡ್ತಾರೆ, ಕೇಳದೆ ಹೋದ್ರೆ ಬೇಜಾರು ಮಾಡ್ಕೋತಾರೆ" ಎಂದಳು. ಆತ ಕತ್ತೆಯೂ ನಾಚುವಂತೆ ಮುಕ್ಕಾಲು ಗಂಟೆ ಹಾಡಿದ. ಡಾಕ್ಟರು ಹಲ್ಲು ಕಚ್ಚಿಕೊಂಡು ತಲೆದೂಗಿದರು.

ಆದರೆ ದಿನ ಕಳೆದಂತೆ ಅವಳಿಗೆ ಒಳಗೊಳಗೇ ಅಳುಕು ಶುರುವಾಯಿತು. "ಅಕ್ಕಾ, ನಿನ್ನ ಮುಖ ನೋಡಿ ಓಟು ಹಾಕ್ತೀವಿ" ಎನ್ನುತ್ತಿದ್ದರು ಜನ. ಆ ಮುಖದ ಪರಿಚಯ ಡಾಕ್ಟರಿಗೇ ಇರಲಿಲ್ಲ. ಹನ್ನೆರಡು ದಿನದಲ್ಲಿ ಅವರು ಅವಳನ್ನು ಊಟ ಆಯಿತೇ ಎಂದು ಕೇಳಿದ್ದಿಲ್ಲ. ಪಿಸುಗುಟ್ಟುವವರಿಲ್ಲದಿದ್ದರೆ ಈ ಮನುಷ್ಯನಿಗೆ ಯಾರಾದರೂ ನೆನಪಿರುತ್ತಾರೆಯೇ? ಇರದಿದ್ದರೆ ತಾನು ಇಡೀ ಬಡಾವಣೆಗೆ ಟೋಪಿ ಹಾಕಿದಂತಲ್ಲವೇ? ಅವಳಿಗೆ ಅದನ್ನು ತಿಳಿದುಕೊಳ್ಳಲೇಬೇಕಿತ್ತು.

ಅಂದಿನ ಸುತ್ತಿನಲ್ಲಿ ಅವಳದೇ ಮನೆ ಇತ್ತು. ಬಾಗಿಲು ತೆರೆದದ್ದು ಅವಳ ಗಂಡ, ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡ ದರ್ಜಿ. ಎದುರು ಗೋಡೆಯ ಮೇಲೆ ಅವಳ ನಿವೃತ್ತಿಯ ದಿನದ ಫೋಟೊ, ಇಷ್ಟಗಲ. ಮೀಟರಕ್ಕ ತುಟಿ ಬಿಚ್ಚಲಿಲ್ಲ. ಡಾಕ್ಟರು ದರ್ಜಿಗೆ ಕೈ ಮುಗಿದರು, ಫೋಟೊಕ್ಕೂ ಮುಗಿದರು, ಆಮೇಲೆ ಕಿವಿಯನ್ನು ಮೆಲ್ಲಗೆ ಹಿಂದಕ್ಕೆ ವಾಲಿಸಿದರು.

ಮೀಟರಕ್ಕ ಆ ಕಿವಿಗೆ ಬಾಯಿ ಹಚ್ಚಿದಳು.

"ಈ ಮನೆ ಹೆಂಗಸು ಹನ್ನೆರಡು ದಿನದಿಂದ ಯಾರದೋ ಹಿಂದೆ ಸುತ್ತುತ್ತಿದ್ದಾಳೆ," ಎಂದು ಉಸುರಿದಳು. "ಪಾಪ, ಗಂಡನಿಗೆ ಸಮಾಧಾನ ಹೇಳಿ."

ಡಾಕ್ಟರು ದರ್ಜಿಯ ಎರಡೂ ಕೈ ಹಿಡಿದುಕೊಂಡರು. "ಧೈರ್ಯ ತಗೊಳ್ಳಿ. ನಿಮ್ಮ ಮನೆಯವರ ವಿಷಯ ಕೇಳಿ ತುಂಬಾ ನೋವಾಯ್ತು."

ದರ್ಜಿ ಡಾಕ್ಟರ ಭುಜದ ಮೇಲಿಂದ ಹೆಂಡತಿಯನ್ನು ನೋಡಿದ. ಅವಳು ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು. ಮೂವತ್ತೈದು ವರ್ಷ ಸಂಸಾರ ಮಾಡಿದವನಿಗೆ ಅಷ್ಟು ಸಾಕಾಯಿತು. ಕೊರಳಲ್ಲಿದ್ದ ಟೇಪು ತೆಗೆದು, ಮುಖ ಇಳಿಬಿಟ್ಟ.

"ಏನ್ಮಾಡೋದು ಸಾರ್. ಅವಳು ಹೋಗಿದ್ದಕ್ಕೆ ಬೇಜಾರಿಲ್ಲ. ಆ ಮನುಷ್ಯನಿಗೆ ಇವಳ ಹೆಸರೂ ಗೊತ್ತಿಲ್ವಂತೆ. ನಿಮ್ಮನೆ ಎಲ್ಲಿ ಅಂತ ಒಂದಿನ ಕೇಳಿಲ್ವಂತೆ."

"ಛೆ ಛೆ, ಅವನೂ ಒಬ್ಬ ಮನುಷ್ಯನಾ?" ಡಾಕ್ಟರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಅಂಥವನನ್ನ ಆಕೆ ಹೇಗೆ ನಂಬಿದ್ರು?"

ನಗು ತಡೆದುಕೊಂಡಿದ್ದ ಮೀಟರಕ್ಕನಿಗೆ ಆ ಮಾತು ನೇರವಾಗಿ ನಾಟಿತು. ಕಣ್ಣು ತುಂಬಿತು. ಡಾಕ್ಟರು ಅಂಗಳಕ್ಕೆ ಇಳಿದು, ಪಕ್ಕದ ಮನೆ ಯಾರದೆಂದು ಕೇಳಿದರು.

"ಅಲ್ಲಿಗೆ ನೀವೇ ಹೋಗಿ ಡಾಕ್ಟ್ರೇ," ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು. "ನನ್ನ ಮುಖ ನೋಡಿ ಓಟು ಹಾಕ್ತೀವಿ ಅಂದವರ ಮನೆಗಳಿಗೆಲ್ಲ ನಾನು ಇನ್ನೊಂದು ಸಲ ಹೋಗ್ಬೇಕು."